ಕೋಚ್ ಪುಕ್ಕಲ ಅಂತ ಬೈಯುವ ಮುಂಚೆ: ಫುಟ್‌ಬಾಲ್ ವಾದ ಮಾಡುವುದು ಹೇಗೆ

ನಮ್ಮ ದಾವಣಗೆರೆಯಲ್ಲಿ ಕ್ರಿಕೆಟ್ ವಾದ ಯಾರಿಗೂ ಕಲಿಸಬೇಕಾಗಿಲ್ಲ. ಹೈಸ್ಕೂಲ್ ಮೈದಾನದ ಹತ್ತಿರ ನಿಂತ ಹತ್ತು ವರ್ಷದ ಹುಡುಗನೂ ಸ್ಪಿನ್ನರ್‌ಗೆ ಯಾಕೆ ಓವರ್ ಕೊಡಲಿಲ್ಲ ಅಂತ ಅರ್ಧ ಗಂಟೆ ಮಾತಾಡುತ್ತಾನೆ. ಫುಟ್‌ಬಾಲ್ ವಿಷಯ ಬಂದರೆ ಮಾತ್ರ ಜಗಳ ಎರಡೇ ವಾಕ್ಯಕ್ಕೆ ಮುಗಿಯುತ್ತದೆ. ಒಬ್ಬ "ಕೋಚ್ ಪುಕ್ಕಲ ಕಣಲೇ" ಅಂತಾನೆ. ಇನ್ನೊಬ್ಬ "ಗೆದ್ದಿದಾರಲ್ಲ, ಸುಮ್ನಿರು" ಅಂತಾನೆ. ಅಷ್ಟೇ. ಆಮೇಲೆ ಮಂಡಕ್ಕಿ ಮಿರ್ಚಿ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ.

ಆ ಎರಡು ವಾಕ್ಯದ ನಡುವೆ ಏನೇನು ಹಾಕಬಹುದು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನೀವು ಕೋಚ್ ಪರ ಇದ್ದರೂ ಸರಿ, ವಿರುದ್ಧ ಇದ್ದರೂ ಸರಿ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಎಚ್ಚರಿಕೆಯಿಂದ ಆಡಿಸುವುದು ತಪ್ಪಲ್ಲ. ತಪ್ಪು ಇದ್ದರೆ ಹೆಚ್ಚಾಗಿ ಗಡಿಯಾರದಲ್ಲಿ ಇರುತ್ತದೆ. ಆಟ ಕೈ ಜಾರುತ್ತಿದೆ ಅಂತ ಟಿವಿ ಮುಂದೆ ಕೂತವರಿಗೆಲ್ಲ ಗೊತ್ತಾದಾಗಲೇ ಕೋಚ್ ಏನಾದರೂ ಮಾಡಿದನಾ, ಇಲ್ಲ ಗೋಲ್ ಬಿದ್ದ ಮೇಲೆ ಎದ್ದು ನಿಂತನಾ? ವಾದ ಅದರ ಮೇಲೆ ಆಗಬೇಕು.

ಮೊದಲನೇ ಕೆಲಸ, ನಿಮ್ಮ ಸಿಟ್ಟು ಯಾವುದರ ಮೇಲೆ ಅಂತ ನೀವೇ ತಿಳಿದುಕೊಳ್ಳಿ. ಆಡಿದ ಹನ್ನೊಂದು ಜನರ ಮೇಲಾ? ಅವರನ್ನು ನಿಲ್ಲಿಸಿದ ರೀತಿ ಮೇಲಾ? ಬದಲಿ ಆಟಗಾರರನ್ನು ಇಳಿಸಿದ ಹೊತ್ತಿನ ಮೇಲಾ? ಮೂರೂ ಬೇರೆ ಬೇರೆ ಆರೋಪ. ಮೂರನ್ನೂ ಕಲಸಿ "ಎಲ್ಲಾ ತಪ್ಪು" ಅಂದರೆ ಎದುರಿನವನು ಅದರಲ್ಲಿ ಅತಿ ದುರ್ಬಲವಾದದ್ದನ್ನು ಹಿಡಿದುಕೊಂಡು ನಿಮ್ಮನ್ನು ಸುಲಭವಾಗಿ ಬೀಳಿಸುತ್ತಾನೆ.

ಲೈನ್‌ಅಪ್ ಬಂದ ತಕ್ಷಣ ಮಾತಾಡಿ. ಇಂಗ್ಲೆಂಡಿನ ಕ್ಲಬ್‌ಗಳ ಪ್ರೀಮಿಯರ್ ಲೀಗ್‌ನಲ್ಲಿ ಈಗ ಆಟ ಶುರುವಾಗುವ 75 ನಿಮಿಷ ಮುಂಚೆ ತಂಡದ ಪಟ್ಟಿ ಬರುತ್ತದೆ. ಅಷ್ಟು ಹೊತ್ತು ಸಾಕು. ಆಟ ಮುಗಿದ ಮೇಲೆ ಎಲ್ಲರೂ ಜಾಣರೇ, ಅದಕ್ಕೇ ನಿಮ್ಮ ತಕರಾರು ಆಟ ಶುರುವಾಗುವ ಮುಂಚೆ ಎಲ್ಲಾದರೂ ಬರೆದಿರಬೇಕು, ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೂ ಆಯ್ತು. ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮ ಇದೆ: "ಇವನು ಆಡಬೇಕಿತ್ತು" ಅನ್ನುವವನು "ಇವನ ಬದಲು" ಅಂತಲೂ ಹೇಳಬೇಕು. ಈ ಒಂದು ನಿಯಮ ಹಾಕಿದರೆ ಅರ್ಧ ವಾದ ಅಲ್ಲೇ ಸತ್ತುಹೋಗುತ್ತದೆ, ಉಳಿದ ಅರ್ಧ ಒಳ್ಳೆಯದಾಗುತ್ತದೆ.

ಯೂರೋ 2024, ಅಂದರೆ ಯುರೋಪಿನ ದೇಶಗಳ ಕಪ್, ನೆನಪಿಸಿಕೊಳ್ಳಿ. ಇಂಗ್ಲೆಂಡ್ ಗುಂಪಿನ ಹಂತದಲ್ಲಿ ಸರ್ಬಿಯಾ ವಿರುದ್ಧ 1-0, ಡೆನ್ಮಾರ್ಕ್ ವಿರುದ್ಧ 1-1, ಸ್ಲೊವೇನಿಯಾ ವಿರುದ್ಧ 0-0. ನೋಡುತ್ತಾ ನೋಡುತ್ತಾ ನಿದ್ದೆ ಬರುವಂಥ ಆಟ. ಸ್ಲೊವೇನಿಯಾ ಮ್ಯಾಚ್ ಆದ ಮೇಲೆ ಅಭಿಮಾನಿಗಳು ಕೋಚ್ ಗ್ಯಾರೆತ್ ಸೌತ್‌ಗೇಟ್ ಕಡೆ ಪ್ಲಾಸ್ಟಿಕ್ ಲೋಟ ಎಸೆದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಎಡಗಡೆ ಆಂಥೊನಿ ಗಾರ್ಡನ್ ಆಡಬೇಕು. ಸರಿ, ಯಾರ ಬದಲು? ಎಡಗಡೆ ಆಡುತ್ತಿದ್ದವನು ಫಿಲ್ ಫೋಡೆನ್. ಆ ವರ್ಷದ ಪ್ರೀಮಿಯರ್ ಲೀಗ್‌ನ ಅತ್ಯುತ್ತಮ ಆಟಗಾರ. ಅವನನ್ನು ಕೂರಿಸುತ್ತೀರಾ? ಇಲ್ಲ, ಮಧ್ಯಕ್ಕೆ ತರುತ್ತೀರಾ? ಮಧ್ಯದಲ್ಲಿ ಬೆಲಿಂಗಮ್ ಇದ್ದಾನೆ. ಬೆಲಿಂಗಮ್‌ನನ್ನು ಹಿಂದಕ್ಕೆ ತಳ್ಳಿದರೆ ರೈಸ್ ಜೊತೆ ಬಾಲ್ ಕಸಿಯುವವನು ಯಾರು? ಒಂದು ಹೆಸರು ಅಲ್ಲಾಡಿಸಿದರೆ ನಾಲ್ಕು ಹೆಸರು ಅಲ್ಲಾಡುತ್ತವೆ. ಕ್ರಿಕೆಟ್‌ನಲ್ಲಿ ಐದನೇ ಬ್ಯಾಟ್ಸ್‌ಮನ್ ಬದಲಾದರೆ ಓಪನರ್‌ಗೆ ಏನೂ ಆಗುವುದಿಲ್ಲ, ಇಲ್ಲಿ ಹಾಗಲ್ಲ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. ಆ ತಂಡದ ಎಡಗಡೆ ಸತ್ತಂತೆ ಇದ್ದದ್ದು ಫೋಡೆನ್ ಒಬ್ಬನಿಂದ ಅಲ್ಲ. ಲೆಫ್ಟ್ ಬ್ಯಾಕ್, ಅಂದರೆ ಎಡ ಬದಿಯ ಡಿಫೆಂಡರ್ ಜಾಗದಲ್ಲಿ ಟ್ರಿಪಿಯರ್ ಇದ್ದ, ಅವನು ಬಲಗಾಲಿನವನು. ಬಾಲ್ ಸಿಕ್ಕಾಗೆಲ್ಲ ಒಳಕ್ಕೆ ತಿರುಗುತ್ತಿದ್ದ. ಅವನ ಮುಂದೆ ಇದ್ದ ಫೋಡೆನ್ ಕೂಡ ಒಳಕ್ಕೇ ಬರುತ್ತಿದ್ದ. ಹಾಗಾಗಿ ಎಡ ಗೆರೆ ಹತ್ತಿರ ಯಾರೂ ಇಲ್ಲ, ಎದುರಾಳಿ ಆರಾಮಾಗಿ ಮಧ್ಯದಲ್ಲಿ ಗುಂಪುಗೂಡಿ ನಿಂತಿರುತ್ತಿದ್ದ. ಎಡಗಾಲಿನ ಲೆಫ್ಟ್ ಬ್ಯಾಕ್ ಲ್ಯೂಕ್ ಶಾ ಗಾಯದಿಂದ ಹೊರಗೆ ಕೂತಿದ್ದ. ಅವನು ಪೂರ್ತಿ ಸರಿಹೋಗುವ ಮುಂಚೆಯೇ ಅವನನ್ನು ತಂಡಕ್ಕೆ ಸೇರಿಸಿ, ಅವನ ಬದಲಿಗೆ ಇನ್ನೊಬ್ಬ ಎಡಗಾಲಿನವನನ್ನು ಒಯ್ಯದೇ ಹೋಗಿದ್ದು ಕೋಚ್ ತೀರ್ಮಾನ. ನೋಡಿ, ಈಗ ಆರೋಪ ಗಟ್ಟಿಯಾಯ್ತು. "ಗಾರ್ಡನ್ ಆಡಿಸಿ" ಅನ್ನುವುದಕ್ಕಿಂತ "26 ಜನರ ಪಟ್ಟಿಯಲ್ಲೇ ಎಡಗಡೆಗೆ ಜನ ಇಟ್ಟುಕೊಳ್ಳಲಿಲ್ಲ" ಅನ್ನುವುದಕ್ಕೆ ಉತ್ತರ ಕೊಡುವುದು ಕಷ್ಟ.

ಫಾರ್ಮೇಷನ್ ಸಂಖ್ಯೆ (ಯಾವ ಸಾಲಲ್ಲಿ ಎಷ್ಟು ಜನ ಅನ್ನುವ ಲೆಕ್ಕ) ನೋಡಿ ತೀರ್ಪು ಕೊಡಬೇಡಿ. ಹಿಂದೆ ಐದು ಜನ ಅಂದ ತಕ್ಷಣ ನಮ್ಮವರು "ಗೋಲ್ ಮುಂದೆ ಬಸ್ ನಿಲ್ಲಿಸಿಬಿಟ್ಟ" ಅಂತ ಶುರು ಮಾಡುತ್ತಾರೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋ ಫೈನಲ್. ನಮ್ಮ ಕಡೆ ಆಗ ರಾತ್ರಿ ಹನ್ನೆರಡೂವರೆ. ಸೌತ್‌ಗೇಟ್ ಇಟಲಿ ವಿರುದ್ಧ ಮೂರು ಸೆಂಟರ್ ಬ್ಯಾಕ್ (ಮಧ್ಯದ ಡಿಫೆಂಡರ್), ಎರಡು ವಿಂಗ್‌ಬ್ಯಾಕ್ (ಬದಿಯಲ್ಲಿ ಹಿಂದೆ ಮುಂದೆ ಓಡುವ ಡಿಫೆಂಡರ್) ಇಟ್ಟ. ಪಟ್ಟಿ ಬಂದಾಗಲೇ ಬೈಗುಳ ಶುರು. ಎರಡನೇ ನಿಮಿಷಕ್ಕೆ ಇಂಗ್ಲೆಂಡ್ ಗೋಲ್ ಹೊಡೆಯಿತು. ಬಲಗಡೆಯಿಂದ ಕ್ರಾಸ್ ಕೊಟ್ಟವನು ಟ್ರಿಪಿಯರ್, ಎಡಗಡೆಯಿಂದ ಓಡಿ ಬಂದು ಹೊಡೆದವನು ಲ್ಯೂಕ್ ಶಾ. ಇಬ್ಬರೂ ವಿಂಗ್‌ಬ್ಯಾಕ್‌ಗಳೇ! ಯಾವ "ಹೆಚ್ಚುವರಿ ಡಿಫೆಂಡರ್" ಬಗ್ಗೆ ಜನ ಬೈದರೋ ಅವರಿಂದಲೇ ಗೋಲ್ ಬಂತು. ಅದೇ ರಚನೆ ಜರ್ಮನಿ ವಿರುದ್ಧ 2-0 ಗೆಲುವನ್ನೂ ಕೊಟ್ಟಿತ್ತು.

ಹಾಗಾದರೆ ಏನು ನೋಡಬೇಕು? ಟಿವಿಯಲ್ಲಿ ಬಾಲ್ ಹಿಂದೆಯೇ ಕಣ್ಣು ಓಡುತ್ತದೆ, ಅದು ಸಹಜ. ಆದರೆ ಗೋಲ್‌ಕಿಕ್ ಆಗುವಾಗ, ಫೌಲ್ ಆಗಿ ಆಟ ನಿಂತಾಗ ಕ್ಯಾಮೆರಾ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಆಗ ನಿಮ್ಮ ತಂಡದ ಕೊನೆಯ ಸಾಲು ಎಲ್ಲಿದೆ ನೋಡಿ. ಮಧ್ಯದ ಗೆರೆ ಹತ್ತಿರ ಇದೆಯಾ, ಇಲ್ಲ ತಮ್ಮದೇ ಪೆನಾಲ್ಟಿ ಬಾಕ್ಸ್ ಅಂಚಿಗೆ ಬಂದು ಕೂತಿದೆಯಾ? ಹತ್ತು ಹತ್ತು ನಿಮಿಷಕ್ಕೆ ಒಂದು ಸಲ ನೋಡಿದರೆ ಸಾಕು. ಸಾಲು ಹಿಂದಕ್ಕೆ ಸರಿಯುತ್ತಾ ಇದ್ದರೆ ಅದು ಕೋಚ್ ಹೇಳಿ ಮಾಡಿಸಿದ್ದೋ, ಆಟಗಾರರ ಕಾಲು ಸೋತು ಆಗಿದ್ದೋ ಅನ್ನುವ ಪ್ರಶ್ನೆ ಹುಟ್ಟುತ್ತದೆ. ಒಳ್ಳೆಯ ವಾದಕ್ಕೆ ಈ ಪ್ರಶ್ನೆ ಬೇಕೇ ಬೇಕು.

ಎರಡನೆಯದು, ನಿಮ್ಮ ತಂಡ ಬಾಲ್ ಕಸಿದ ಮೇಲೆ ಎಷ್ಟು ಜನ ಮುಂದಕ್ಕೆ ಓಡಿದರು ಎಣಿಸಿ. ಮೂರು ನಾಲ್ಕು ಜನ ಓಡಿದರೆ ಅದು ಕೌಂಟರ್, ಯೋಚನೆ ಮಾಡಿ ಹಾಕಿದ ಬಲೆ. ಸ್ಟ್ರೈಕರ್ ಒಬ್ಬನೇ ಮುಂದೆ ನಿಂತು ಮೂರು ಡಿಫೆಂಡರ್ ಜೊತೆ ಗುದ್ದಾಡುತ್ತಿದ್ದರೆ ಅದು ಕೌಂಟರ್ ಅಲ್ಲ, ಸುಮ್ನೆ ಬಾಲ್ ಆಚೆ ಒದೆಯುವುದು. ಎರಡೂ ಟಿವಿಯಲ್ಲಿ "ಡಿಫೆನ್ಸಿವ್" ಅಂತಲೇ ಕಾಣುತ್ತದೆ. ನಾನು ಮೊದಲನೆಯದರ ಪರ, ಎರಡನೆಯದನ್ನು ಯಾರು ಮಾಡಿದರೂ ಬೈಯುತ್ತೇನೆ.

ಪೊಸೆಷನ್ ಶೇಕಡಾವಾರು ತೋರಿಸಿ ವಾದ ಗೆಲ್ಲಲು ಹೋಗಬೇಡಿ. 2025ರ ಸೆಪ್ಟೆಂಬರ್ 21ರಂದು ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಸಿಟಿ 1-1 ಆಯ್ತಲ್ಲ, ಆ ಮ್ಯಾಚ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿಟಿ ಹತ್ತಿರ ಬಾಲ್ ಇದ್ದದ್ದು ಶೇ. 33ಕ್ಕಿಂತ ಕಡಿಮೆ ಹೊತ್ತು. ಬಾಲ್ ಬಿಟ್ಟುಕೊಡದ ಆಟಕ್ಕೆ ಹೆಸರಾದ ಕೋಚ್ ಪೆಪ್ ಗ್ವಾರ್ಡಿಯೋಲಾ ತಂಡ ಅದು! ಒಂಬತ್ತನೇ ನಿಮಿಷಕ್ಕೆ ಹಾಲಂಡ್ ಗೋಲ್ ಹೊಡೆದ ಮೇಲೆ ಹಿಂದೆ ಕೂತರು, ಕೊನೆಗೆ ಹಾಲಂಡ್‌ನನ್ನೂ ಹೊರಗೆ ಕರೆಸಿ ಪೂರ್ತಿ ಬಾಗಿಲು ಹಾಕಿಕೊಂಡರು. ಆದರೆ ಮಾರನೇ ದಿನ "ಪುಕ್ಕಲ" ಅನ್ನಿಸಿಕೊಂಡವನು ಬಾಲ್ ಜಾಸ್ತಿ ಇಟ್ಟುಕೊಂಡ ಆರ್ಸೆನಲ್‌ನ ಕೋಚ್ ಆರ್ಟೆಟಾ. ಯಾಕೆ? ಅವನು ಸ್ವಂತ ಮೈದಾನದಲ್ಲಿ ರೈಸ್, ಜುಬಿಮೆಂಡಿ, ಮೆರಿನೊ ಮೂವರನ್ನು ಮಧ್ಯದಲ್ಲಿ ನಿಲ್ಲಿಸಿ ಎಝೆಯನ್ನು ಬೆಂಚಿನಲ್ಲಿ ಕೂರಿಸಿದ. ಮೂವರೂ ಕೆಲಸಗಾರರು, ಬಾಗಿಲು ತೆಗೆಯುವವನು ಇಲ್ಲ. ಮಧ್ಯಂತರಕ್ಕೆ ಎಝೆ ಮತ್ತು ಸಾಕಾ ಬಂದರು, ಕೊನೆಗೆ 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದಲ್ಲಿ ಎಝೆ ಎತ್ತಿ ಕೊಟ್ಟ ಬಾಲ್ ಅನ್ನು ಬದಲಿಯಾಗಿ ಬಂದ ಮಾರ್ಟಿನೆಲ್ಲಿ ಗೋಲ್ ಮಾಡಿದ. ಆರ್ಟೆಟಾ ಪರ ವಾದಿಸುವವನು "ಮಧ್ಯಂತರಕ್ಕೇ ತಿದ್ದಿಕೊಂಡನಲ್ಲ" ಅನ್ನಬಹುದು. ವಿರುದ್ಧ ಇರುವವನು "45 ನಿಮಿಷ ಸುಮ್ನೆ ಬಿಟ್ಟುಕೊಟ್ಟನಲ್ಲ" ಅನ್ನಬಹುದು. ಎರಡೂ ಸರಿಯಾದ ಮಾತೇ, ಅದಕ್ಕೇ ಆ ವಾದ ಚೆನ್ನಾಗಿ ನಡೆಯುತ್ತದೆ.

ಈಗ ಗಡಿಯಾರದ ವಿಷಯ. ಐದು ಬದಲಿ ಆಟಗಾರರನ್ನು ಇಳಿಸಬಹುದು, ಆದರೆ ಆಟ ನಡೆಯುವಾಗ ಮೂರೇ ಸಲ ನಿಲ್ಲಿಸಿ ಇಳಿಸಬಹುದು. ಮಧ್ಯಂತರದಲ್ಲಿ ಇಳಿಸಿದರೆ ಅದು ಲೆಕ್ಕಕ್ಕಿಲ್ಲ. ಇದು ಗೊತ್ತಿಲ್ಲದೆ "ಒಬ್ಬೊಬ್ಬರನ್ನೇ ಇಳಿಸಬಹುದಿತ್ತಲ್ಲ" ಅನ್ನುವವರು ಬಹಳ ಜನ. ಕೋಚ್‌ಗೆ ಇದು ಜೂಜು. ಬೇಗ ಬಳಸಿದರೆ ಆಮೇಲೆ ಯಾರಾದರೂ ಗಾಯಗೊಂಡರೆ ಕೈಯಲ್ಲಿ ಏನೂ ಇಲ್ಲ. 2021ರ ಯೂರೋ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಡೆನ್ಮಾರ್ಕ್‌ಗೆ ಹಾಗೇ ಆಯ್ತು. ಎಲ್ಲಾ ಬದಲಿ ಮುಗಿದ ಮೇಲೆ ಒಬ್ಬ ಗಾಯಗೊಂಡ, ಕೊನೆಗೆ ಹತ್ತೇ ಜನ ಆಡಿದರು.

ಮತ್ತೆ 2021ರ ಆ ಇಂಗ್ಲೆಂಡ್-ಇಟಲಿ ಫೈನಲ್‌ಗೆ ಬರುತ್ತೇನೆ, ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಇಂಗ್ಲೆಂಡ್ 1-0 ಮುಂದಿದೆ. ಎರಡನೇ ಅರ್ಧ ಶುರುವಾದಾಗಿನಿಂದ ಬಾಲ್ ಬಹುತೇಕ ಇಟಲಿ ಕಾಲಲ್ಲೇ. 54ನೇ ನಿಮಿಷಕ್ಕೆ ಇಟಲಿ ಕೋಚ್ ಮಾನ್ಚಿನಿ ತನ್ನ ಸ್ಟ್ರೈಕರ್ ಇಮ್ಮೊಬಿಲೆಯನ್ನೇ ಹೊರಗೆ ಕರೆದ. ಗೋಲ್ ಬೇಕಾದ ತಂಡ ಸ್ಟ್ರೈಕರ್‌ನನ್ನು ತೆಗೆಯುತ್ತದಾ ಅಂತ ನಮ್ಮ ರೂಮಿನಲ್ಲಿ ಒಬ್ಬ ನಕ್ಕ. ಆದರೆ ಆಮೇಲೆ ಇನ್ಸಿನ್ಯೆ ಮಧ್ಯಕ್ಕೆ ಬಂದು ಕೆಳಗೆ ಇಳಿದು ಆಡತೊಡಗಿದ, ಇಂಗ್ಲೆಂಡಿನ ಮೂವರು ಸೆಂಟರ್ ಬ್ಯಾಕ್‌ಗಳಿಗೆ ಹಿಡಿದುಕೊಳ್ಳಲು ಯಾರೂ ಸಿಗಲಿಲ್ಲ. ಮೂವರು ಕೂಡಿ ಗಾಳಿಯನ್ನು ಕಾಯುತ್ತಿದ್ದರು. ಉತ್ತರ ಕೊಡಬೇಕಾದ ಹೊತ್ತು ಅದು. 67ಕ್ಕೆ ಕಾರ್ನರ್‌ನಿಂದ ಬೊನುಚ್ಚಿ ಗೋಲ್. ಸೌತ್‌ಗೇಟ್‌ನ ಮೊದಲ ಬದಲಾವಣೆ ಬಂದಿದ್ದು ಅದಾದ ಮೇಲೆ, ಸುಮಾರು 70ಕ್ಕೆ, ಟ್ರಿಪಿಯರ್ ಹೋಗಿ ಸಾಕಾ ಬಂದ. ದಾಳಿ ಮಾಡುವ ಆಟಗಾರ ಗ್ರೀಲಿಶ್ ಬಂದಿದ್ದು 99ಕ್ಕೆ.

ಅಂದರೆ 54ರಿಂದ 67ರವರೆಗಿನ ಹದಿಮೂರು ನಿಮಿಷ. ನನ್ನ ಪೂರ್ತಿ ಆರೋಪ ಅಷ್ಟರಲ್ಲಿದೆ. ತಂಡದ ಪಟ್ಟಿ ಮೇಲೆ ಅಲ್ಲ, ಐವರು ಡಿಫೆಂಡರ್ ಮೇಲೆ ಅಲ್ಲ. ಎದುರಾಳಿ ಕಾಯಿ ನಡೆಸಿದ್ದು ಕಾಣುತ್ತಿದ್ದರೂ ತಾನು ನಡೆಸದೆ ಕೂತದ್ದರ ಮೇಲೆ. ಇದು ಒಂದು ಸಲದ ಮಾತೂ ಅಲ್ಲ. 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕ್ರೊವೇಷಿಯಾ ವಿರುದ್ಧ ಐದನೇ ನಿಮಿಷಕ್ಕೆ ಇಂಗ್ಲೆಂಡಿನ ಫ್ರೀಕಿಕ್ ಗೋಲ್, ಆಮೇಲೆ ನಿಧಾನಕ್ಕೆ ಹಿಂದೆ ಹಿಂದೆ, 68ಕ್ಕೆ ಪೆರಿಸಿಚ್, 109ಕ್ಕೆ ಮಾಂಜುಕಿಚ್ ಗೋಲ್ ಹೊಡೆದು ಕ್ರೊವೇಷಿಯಾ ಗೆದ್ದಿತು. ಯೂರೋ 2024ರ ಕ್ವಾರ್ಟರ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ 75ಕ್ಕೆ ಗೋಲ್ ಹೊಡೆದ ಮೇಲೆಯೇ ಮೂವರನ್ನು ಒಟ್ಟಿಗೆ ಇಳಿಸಿದ್ದು. ಹೀಗೆ ಒಂದೇ ಕೋಚ್‌ನ ಮೂರು ಮ್ಯಾಚ್ ಪಕ್ಕಪಕ್ಕ ಇಟ್ಟರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಒಂದೇ ಮ್ಯಾಚ್ ಹಿಡಿದು ಗಂಟಲು ಹರಿದುಕೊಂಡರೆ ಬರುವುದಿಲ್ಲ.

ಆದರೆ ನಿಮ್ಮ ವಿರುದ್ಧ ಇರುವ ಸಾಕ್ಷಿಯನ್ನೂ ನೀವೇ ಮೇಜಿನ ಮೇಲೆ ಇಡಿ. ಅದೇ ಸೌತ್‌ಗೇಟ್ 2024ರ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 81ನೇ ನಿಮಿಷಕ್ಕೆ ನಾಯಕ ಕೇನ್‌ನನ್ನೂ ಫೋಡೆನ್‌ನನ್ನೂ ತೆಗೆದು ವಾಟ್ಕಿನ್ಸ್, ಪಾಮರ್ ಇಬ್ಬರನ್ನು ಇಳಿಸಿದ. ಪಾಮರ್ ಕೊಟ್ಟ, ವಾಟ್ಕಿನ್ಸ್ ಹೊಡೆದ, 2-1. ಫೈನಲ್‌ನಲ್ಲಿ ಪಾಮರ್ 70ಕ್ಕೆ ಬಂದು 73ಕ್ಕೆ ಸ್ಪೇನ್ ವಿರುದ್ಧ ಗೋಲ್ ಹೊಡೆದ, ಸೋತರು ಅನ್ನುವುದು ಬೇರೆ ಮಾತು. 2021ರಲ್ಲಿ ಇಡೀ ಟೂರ್ನಿಯಲ್ಲಿ ಇಂಗ್ಲೆಂಡ್ ತಿಂದ ಗೋಲ್ ಎರಡೇ, ಒಂದು ಫ್ರೀಕಿಕ್, ಒಂದು ಕಾರ್ನರ್. ಡೆನ್ಮಾರ್ಕ್ ವಿರುದ್ಧ ಗ್ರೀಲಿಶ್‌ನನ್ನು ಬದಲಿಯಾಗಿ ಇಳಿಸಿ ಮತ್ತೆ ಬದಲಿಯಾಗಿ ತೆಗೆದಾಗ ಎಲ್ಲರೂ ಬೈದರು, ಆದರೆ ಆ ಮ್ಯಾಚ್ ಗೆದ್ದು ಕೊಟ್ಟಿದ್ದೂ ಅದೇ ಎಚ್ಚರಿಕೆ. ಎದುರಿನವನು ಇದನ್ನೆಲ್ಲ ಎತ್ತುವ ಮುಂಚೆ ನೀವೇ ಎತ್ತಿದರೆ ಅವನಿಗೆ ಹೇಳಲು ಕಡಿಮೆ ಉಳಿಯುತ್ತದೆ. ಸ್ವಲ್ಪ ಕುತಂತ್ರ ಅನ್ನಿ, ಕೆಲಸ ಮಾತ್ರ ಆಗುತ್ತದೆ.

ಕೋಚ್ ಪರ ವಾದಿಸುವವರಿಗೆ ಎರಡು ಬ್ರಹ್ಮಾಸ್ತ್ರ ಇವೆ. ಒಂದು ಗ್ರೀಸ್, ಯೂರೋ 2004. ಒಟ್ಟೊ ರೆಹಾಗೆಲ್ ತಂಡ ಕ್ವಾರ್ಟರ್‌ಫೈನಲ್, ಸೆಮಿ, ಫೈನಲ್ ಮೂರನ್ನೂ 1-0 ಅಂತ ಗೆದ್ದು ಕಪ್ ಎತ್ತಿತು. ಇನ್ನೊಂದು 2010ರಲ್ಲಿ ಕೋಚ್ ಮೊರಿನ್ಯೊ ಕೈಯಲ್ಲಿದ್ದ ಇಟಲಿಯ ಕ್ಲಬ್ ಇಂಟರ್, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ ಎರಡು ಮ್ಯಾಚ್‌ಗಳ ಸೆಮಿಫೈನಲ್. ಬಾರ್ಸಿಲೋನಾ ಮೈದಾನದಲ್ಲಿ 28ನೇ ನಿಮಿಷಕ್ಕೆ ಮೊಟ್ಟಾ ಕೆಂಪು ಕಾರ್ಡ್ ತಿಂದ, ಉಳಿದ ಹತ್ತು ಜನ ಸ್ಟ್ರೈಕರ್ ಎಟೊವನ್ನೂ ಡಿಫೆನ್ಸ್‌ಗೆ ಇಳಿಸಿಕೊಂಡು ಆಡಿ 1-0 ಸೋತರು. ಮೊದಲ ಮ್ಯಾಚ್ 3-1 ಗೆದ್ದಿದ್ದರಿಂದ ಫೈನಲ್‌ಗೆ ಹೋದರು, ಕಪ್ ಗೆದ್ದರು. ಇದಕ್ಕೆ ಎದುರಾಗಿ ಏನು ಹೇಳಬಹುದು? ಅವರಿಗೆ ಬೇರೆ ದಾರಿ ಇರಲಿಲ್ಲ ಅಂತ ಹೇಳಿ. ಗ್ರೀಸ್ ಬೆಂಚಿನಲ್ಲಿ ಗ್ರೀಲಿಶ್, ಸ್ಯಾಂಚೊ, ರಾಶ್‌ಫೋರ್ಡ್ ಕೂತಿರಲಿಲ್ಲ. ಬಡವನ ಎಚ್ಚರಿಕೆ ಬೇರೆ, ತಿಜೋರಿ ತುಂಬಿರುವವನ ಎಚ್ಚರಿಕೆ ಬೇರೆ.

ಪೆನಾಲ್ಟಿ ವಿಷಯಕ್ಕೆ ಒಂದು ಮಾತು. 2021ರ ಆ ಫೈನಲ್‌ನಲ್ಲಿ ರಾಶ್‌ಫೋರ್ಡ್, ಸ್ಯಾಂಚೊ ಇಬ್ಬರನ್ನೂ ಸೌತ್‌ಗೇಟ್ 120ನೇ ನಿಮಿಷದಲ್ಲಿ ಪೆನಾಲ್ಟಿಗೆ ಅಂತಲೇ ಇಳಿಸಿದ. ಇಬ್ಬರೂ ಮಿಸ್ ಮಾಡಿದರು, ಕೊನೆಯದನ್ನು ಸಾಕಾ ಮಿಸ್ ಮಾಡಿದ, ಪೆನಾಲ್ಟಿಯಲ್ಲಿ ಇಟಲಿ 3-2 ಗೆದ್ದಿತು. ಮೈ ಬಿಸಿಯಾಗದ ಹುಡುಗರನ್ನು ನೇರ ಪೆನಾಲ್ಟಿಗೆ ನಿಲ್ಲಿಸಿದ್ದು ಸರಿಯಾ ಅಂತ ಕೋಚ್‌ನನ್ನು ಎಷ್ಟು ಬೇಕಾದರೂ ಕೇಳಿ. ಹುಡುಗರನ್ನು ಬಿಡಿ. ಸಾಕಾಗೆ ಆಗ 19 ವರ್ಷ. ಆ ರಾತ್ರಿ ಆ ಮೂವರಿಗೂ ಬಣ್ಣದ ಹೆಸರಲ್ಲಿ ಬಂದ ಬೈಗುಳ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಊರಿನ ಗುಂಪಿನಲ್ಲೂ ಆಟಗಾರನ ಜಾತಿ, ಬಣ್ಣ, ಊರು ಎತ್ತಿ ಯಾರಾದರೂ ಮಾತಾಡಿದರೆ ಅಲ್ಲೇ ನಿಲ್ಲಿಸಿ, ನಗುತ್ತಾ ಸುಮ್ಮನಾಗಬೇಡಿ.

ನಮ್ಮ ಭಾರತ ತಂಡದ ಬಗ್ಗೆ ವಾದ ಮಾಡುವಾಗ ಈ ಅಳತೆಗೋಲು ಅರ್ಧ ಮಾತ್ರ ಕೆಲಸ ಮಾಡುತ್ತದೆ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಚೆಟ್ರಿ ಪೆನಾಲ್ಟಿಯಿಂದ ಮುಂದೆ ಇದ್ದು 1-2 ಸೋತೆವು. ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ವಿರುದ್ಧ ಚಾಂಗ್ಟೆ ಗೋಲ್‌ನಿಂದ ಮುಂದೆ ಇದ್ದು ಮತ್ತೆ 1-2. 2025ರ ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರದ ವಿರುದ್ಧವೂ ಅದೇ ಚಾಂಗ್ಟೆ, ಅದೇ 1-2. ಮೊದಲೆರಡು ಸ್ಟಿಮಾಚ್ ಕಾಲದ್ದು, ಮೂರನೆಯದು ಖಾಲಿದ್ ಜಮೀಲ್ ಕಾಲದ್ದು. ಕೋಚ್ ಬದಲಾದರೂ ಕಥೆ ಬದಲಾಗಲಿಲ್ಲ ಅಂದರೆ "ಕೋಚ್ ಪುಕ್ಕಲ" ಅನ್ನುವ ಮಾತು ಸಾಲುವುದಿಲ್ಲ. ಕತಾರ್ ಮ್ಯಾಚ್‌ನಲ್ಲಿ ಬಾಲ್ ಗೆರೆ ದಾಟಿ ಹೊರಗೆ ಹೋದದ್ದನ್ನು ಎಳೆದು ತಂದು ಹೊಡೆದ ಗೋಲ್ ಕೊಟ್ಟರು, ಅದು ಬೇರೆ ಸಂಕಟ. ಆದರೆ ದೊಡ್ಡ ಪ್ರಶ್ನೆ ಬೆಂಚಿನಲ್ಲಿದೆ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕ್ಲಬ್‌ಗಳು ಸ್ಟ್ರೈಕರ್ ಜಾಗಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ನಿಲ್ಲಿಸುತ್ತವೆ. ನಮ್ಮ ಬೆಂಗಳೂರು ಎಫ್‌ಸಿಯಲ್ಲೇ ಚೆಟ್ರಿ ಎಷ್ಟೋ ಸಲ ಬದಿಯಲ್ಲಿ ಆಡಿದ್ದಾನೆ. ನಿವೃತ್ತಿ ಹೇಳಿದ ಚೆಟ್ರಿಯನ್ನು 40ನೇ ವಯಸ್ಸಿನಲ್ಲಿ 2025ರ ಮಾರ್ಚ್‌ಗೆ ವಾಪಸ್ ಕರೆಸಬೇಕಾಯ್ತು ಅಂದರೆ, ಇಳಿಸಲು ಕೋಚ್ ಕೈಯಲ್ಲಿ ಯಾರಿದ್ದರು ಅಂತ ಮೊದಲು ಕೇಳಿ. ಆಗ ಚೆಟ್ರಿ ಬೇಡ ಅಂದವರಿಗೂ "ಇವನ ಬದಲು" ಅನ್ನುವ ಆ ನಿಯಮ ಅನ್ವಯಿಸುತ್ತದೆ. ಅವನ ಬದಲು ಯಾರು? ಹೆಸರು ಹೇಳಿ.

ಇನ್ನು ಮಾತಾಡುವ ರೀತಿ. ನಮ್ಮ ಊರಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೊರಗಿನಿಂದ ಬಂದ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಮಲಪ್ಪುರಂ ಕಡೆಯವನೋ ಇಂಫಾಲ ಕಡೆಯವನೋ ಸಿಕ್ಕರೆ ಮೊದಲು ಕೇಳಿಸಿಕೊಳ್ಳಿ. ಅವರು ಆಡಿ ಬೆಳೆದವರು, ಫುಲ್‌ಬ್ಯಾಕ್‌ನ ಕಾಲು ಯಾವಾಗ ಸೋಲುತ್ತದೆ ಅಂತ ಟಿವಿ ನೋಡಿ ಹೇಳುವುದಲ್ಲ, ಮೈಯಲ್ಲೇ ಗೊತ್ತು. ಮಂಡಕ್ಕಿ ಅಂಗಡಿಯಲ್ಲಿ ಪಕ್ಕದಲ್ಲಿ ಕೂತ ಹಿರಿಯರು ಯಾರಾದರೂ "ಏನ್ ತಮ್ಮಾ, ಹನ್ನೊಂದು ಜನ ಓಡ್ತಾರೆ, ಒಂದ್ ಗೋಲ್ ಹೊಡಿಯಕ್ಕಾಗಲ್ವಾ" ಅಂದರೆ ಸಿಡುಕಬೇಡಿ. "ಹೌದಣ್ಣ, ನಮ್ದೂ ಅದೇ ಜಗಳ" ಅಂತ ಹೇಳಿ ಒಂದು ಮಿರ್ಚಿ ಅವರ ಕಡೆ ತಳ್ಳಿ. ತಟ್ಟೆಯ ಮೇಲೆ ಮಂಡಕ್ಕಿ ಕಾಳು ಇಟ್ಟು ಫಾರ್ಮೇಷನ್ ತೋರಿಸಲು ಹೋಗಬೇಡಿ, ಫ್ಯಾನ್ ಕೆಳಗೆ ಕೂತಿದ್ದರೆ ಲೆಫ್ಟ್ ಬ್ಯಾಕ್ ಹಾರಿಹೋಗುತ್ತಾನೆ. ಸುಲಿದ ಕಡಲೆಕಾಯಿ ಬೀಜ ವಾಸಿ.

ರಾತ್ರಿ ಮೂರು ಗಂಟೆಗೆ ಮ್ಯಾಚ್ ಮುಗಿದ ತಕ್ಷಣ ವಾದ ಶುರು ಮಾಡಬೇಡಿ. ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ, ಸೋತವನ ಬಾಯಿಂದ ಬರಬಾರದ ಮಾತು ಬರುತ್ತದೆ. ಮಲಗಿ. ಬೆಳಿಗ್ಗೆ ಎದ್ದು ಆಟದ ಮುಂಚೆ ಬರೆದಿಟ್ಟ ಆ ಒಂದು ಸಾಲು ತೆಗೆದು ಓದಿ, ಆಮೇಲೆ ಹೈಲೈಟ್ಸ್ ಅಲ್ಲ, ಗೋಲ್ ಬೀಳುವ ಮುಂಚಿನ ಹದಿನೈದು ನಿಮಿಷ ಇನ್ನೊಮ್ಮೆ ನೋಡಿ. ಹೈಲೈಟ್ಸ್‌ನಲ್ಲಿ ಗೋಲ್ ಮಾತ್ರ ಇರುತ್ತದೆ, ಕೋಚ್ ಸುಮ್ಮನೆ ನಿಂತಿದ್ದನ್ನು ಅದರಲ್ಲಿ ಯಾರೂ ತೋರಿಸುವುದಿಲ್ಲ.